ಸ್ವಭಕ್ಷಣದ ವಿಚಾರ

ಕುದುರೆ, ಮೊಲ ಮೊದಲಾದ ಸಸ್ಯಾಹಾರಿ ಪ್ರಾಣಿಗಳ ಲದ್ದಿ ಹಿಕ್ಕೆಗಳ ಮೇಲೆ ಬೆಳೆಯುವ ಪೊಡೊಸ್ಪೋರ ಆನ್ಸೆರಿನ ಎಂಬ ಬೂಷ್ಟನ್ನು ಸಾಮಾನ್ಯರು ಕಣ್ಣೆತ್ತಿಯೂ ನೋಡರು. ಆದರೂ ಜೀವಕೋಶದ ಮರಣವಿಚಾರದಲ್ಲಿ ಫ್ರಾನ್ಸ್ ದೇಶದ ವಿಜ್ಞಾನಿಗಳಿಗೆ ಅರ್ಧ ಶತಮಾನಕ್ಕೂ ಮಿಕ್ಕು ಪಾಠ ಹೇಳಿದುದು ಈ ಅಲ್ಪಜೀವಿಯೇ.

ನೂಲಿನಂತೆ ಹಬ್ಬುವ ಇಂತಹ ಶಿಲೀಂಧ್ರಗಳಲ್ಲಿ ಒಂದರ ಎಳೆ ಮತ್ತೊಂದರ ಎಳೆಯನ್ನು ಸಂಧಿಸಿದಾಗ ಎರಡೂ ಕೂಡಿ ಒಳರಸವು ಬೆರೆಯುವುದುಂಟು. ಕುಲ ಹೊಂದದಿದ್ದರೆ ಆ ಕೂಡಿಕೆ ನಿಲ್ಲದು. ಬೆರೆತ ಕೋಶವು ಬೇಗನೆ ಸಾಯುವುದು. ಆಗ ಎರಡರ ನಡುವೆ ಗದ್ದೆಯ ಬದುವಿನಂತೆ ತಿಳಿಬಣ್ಣದ ಪಟ್ಟೆಯೊಂದು ತೋರುವುದು. ‘ಬರಾಜ್’, ಎಂದರೆ ತಡೆ, ಎಂದು ಹೆಸರಾದ ಈ ಸಂಗತಿಯನ್ನು ಜಾರ್ಜ್ ರಿಜೆ ಎಂಬ ಪಂಡಿತನು 1952ರಲ್ಲಿ ವಿವರಿಸಿದನು. ಒಂದು ಕುಲದ ಈ ಹಗೆತನವು ಬರಿಯ ಕೂಡಿಕೆಯಿಂದಲೇ ಅಂಟುಜಾಡ್ಯದಂತೆ ಹರಡುವುದನ್ನೂ ಆತನು ಕಂಡನು. ಅದಕ್ಕೆ ಕಾರಣವು ಮಡಿಕೆ ಬದಲಾದ ಒಂದು ಪ್ರೋಟೀನು, ಪ್ರಿಯಾನ್, ಎಂಬುದು ಹೊರಬಿದ್ದುದು 1997ರಲ್ಲಿ.

ಇತ್ತ 1963ರಲ್ಲಿ ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ಡಿ ಡೂವ್ ಎಂಬಾತನು, ಕೋಶವು ತನ್ನ ಭಾಗಗಳನ್ನು ತಾನೇ ಜೀರ್ಣಿಸಿಕೊಳ್ಳುವ ಕ್ರಿಯೆಗೆ ಆಟೋಫೇಜಿ, ಎಂದರೆ ಸ್ವಭಕ್ಷಣ, ಎಂದು ಹೆಸರಿಟ್ಟನು. ಜಪಾನಿನ ಯೋಶಿನೋರಿ ಓಸುಮಿಯು 1990ರ ದಶಕದಲ್ಲಿ ಯೀಸ್ಟಿನಲ್ಲಿ ಇದರ ವಂಶವಾಹಿಗಳನ್ನು ಗುರುತಿಸಿ 2016ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು.

ಬೋರ್ಡೋ ನಗರದ ಸಂಶೋಧಕರ ಬಳಿ ವಿಚಿತ್ರವಾದ ತಳಿಯೊಂದಿದ್ದಿತು. ಪರಸ್ಪರ ಹಗೆಯಾದ ಎರಡು ವಂಶವಾಹಿಗಳು ಅದರ ಒಂದೇ ಮೈಯಲ್ಲಿದ್ದುವು. 32 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದು ಸುಖವಾಗಿ ಬೆಳೆಯುವುದು. 26ಕ್ಕೆ ಇಳಿಸಿದರೆ ಸಾವು. ಸಾಯುವ ಕೋಶಗಳಲ್ಲಿ ಸ್ವಭಕ್ಷಣವು ಭರದಿಂದ ನಡೆಯುವುದೆಂದು 2003ರಲ್ಲಿ ಪ್ರಕಟವಾಯಿತು. ಕೋಶವನ್ನು ಕೊಲ್ಲುವುದು ಇದೇ ಎಂದು ಶಂಕೆ ಹುಟ್ಟಿದುದು ಸಹಜವೇ. ಹಾಗಿದ್ದರೆ ಸ್ವಭಕ್ಷಣದ ವಂಶವಾಹಿಯನ್ನು ತೆಗೆದ ಬೂಷ್ಟು ಬದುಕಬೇಕಷ್ಟೆ? ಅದು ಬದುಕಲಿಲ್ಲ, ಮೊದಲಿಗಿಂತಲೂ ಬೇಗನೆ ಸತ್ತಿತು. 2005ರ ಈ ಫಲಿತಾಂಶದಿಂದ, ಹೆಣದ ಬಳಿ ಸಿಕ್ಕ ವೈದ್ಯನನ್ನೇ ಕೊಲೆಗಾರನೆಂದು ಹಿಡಿದಂತಾಗಿತ್ತೆಂಬುದು ತಿಳಿಯಿತು.

ಆದರೆ ಎಲ್ಲ ಶಿಲೀಂಧ್ರಗಳಿಗೂ ಈ ತೀರ್ಪು ಸಲ್ಲದು. ನಮ್ಮ ಬತ್ತದ ಗದ್ದೆಗಳಿಗೆ ಬೆಂಕಿರೋಗವನ್ನು ತರುವ ಶಿಲೀಂಧ್ರದ ಕಣವು ಎಲೆಯ ಮೇಲೆ ಮೊಳೆತು, ತನ್ನ ಸಾರವನ್ನು ಮೊಳಕೆಯ ತುದಿಯ ಒತ್ತುಗುಬ್ಬಿಗೆ ಸಾಗಿಸಿ, ತಾನು ಕುಸಿದು ಸಾಯುವುದು. ಅದರಲ್ಲಿ ಸ್ವಭಕ್ಷಣವನ್ನು ತಡೆದರೆ ಕಣವು ಸಾಯುವುದಿಲ್ಲ. ಎಲೆಗೆ ರೋಗವೂ ತಗಲುವುದಿಲ್ಲವೆಂದು 2006ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನ ಸಂಶೋಧಕರು ತೋರಿಸಿಕೊಟ್ಟರು.