ಗ್ರೀನ್ ಅಂಚಿನ ಸಣ್ಣ ಹೊಡೆತ: ಗಾಲ್ಫ್‌ನಲ್ಲಿ ‘ಚಿಪ್’ ಮಾಡೋದು ಹೇಗೆ?

ಶಿರಸಿ: 2021ರ ಆಗಸ್ಟ್ 7ರ ಬೆಳಿಗ್ಗೆ ಗಾಲ್ಫ್ ಗಂಧಗಾಳಿ ಇಲ್ಲದವರೂ ಟಿವಿ, ಮೊಬೈಲ್ ಮುಂದೆ ಕೂತಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ಸುತ್ತುಗಳನ್ನು 269 ಹೊಡೆತಗಳಲ್ಲಿ ಮುಗಿಸಿ 4ನೇ ಸ್ಥಾನ ಪಡೆದರು. ಬೆಳ್ಳಿ, ಕಂಚು ಗೆದ್ದವರದ್ದು 268. ಒಂದೇ ಹೊಡೆತಕ್ಕೆ ಪದಕ ತಪ್ಪಿತು.

ದೂರ ಹೊಡೆಯೋದರಲ್ಲಿ ಅದಿತಿ ಎದುರಾಳಿಗಳಿಗಿಂತ ಹಿಂದಿದ್ದರು. ಅಷ್ಟು ಮೇಲೆ ತಂದದ್ದು ಗ್ರೀನ್ ಆಸುಪಾಸಿನ ಸಣ್ಣ ಆಟ, ಅದರಲ್ಲೂ ಪಟ್ಟಿಂಗ್. ಈ ಆಟದ ಲೆಕ್ಕವೇ ಹಾಗೆ. 250 ಗಜ ಹಾರಿಸಿದರೂ ಒಂದು ಹೊಡೆತ, ಎರಡಡಿ ಉರುಳಿಸಿದರೂ ಒಂದು ಹೊಡೆತ. ನೂರರ ನೋಟಿಗೂ ಒಂದು ರೂಪಾಯಿ ಚಿಲ್ಲರೆಗೂ ಒಂದೇ ಬೆಲೆ ಇದ್ದ ಹಾಗೆ!

ಚಿಪ್ ಅಂದರೇನು?

ಕುಳಿ ಇರುವ, ಹುಲ್ಲನ್ನು ತೀರಾ ಗಿಡ್ಡ ಕತ್ತರಿಸಿದ ಜಾಗವೇ ಗ್ರೀನ್. ಗುಡಿಸಿ ಸಾರಿಸಿದ ಅಡಿಕೆ ಅಂಗಳದಷ್ಟು ನುಣುಪು. ಚೆಂಡು ಅದರ ಅಂಚಿನಿಂದ ನಾಲ್ಕಾರು ಅಡಿ ಹೊರಗೆ ನಿಂತಾಗ ಹೊಡೆಯುವ ತಗ್ಗಿನ ಹೊಡೆತವೇ ಚಿಪ್. ಚೆಂಡು ಸ್ವಲ್ಪ ಹಾರಬೇಕು, ಹೆಚ್ಚು ಉರುಳಬೇಕು.

ಯಾವ ಕೋಲು?

ನಡುವಿನ ಹುಲ್ಲು ಗಿಡ್ಡವಾಗಿ, ಒಣಗಿದ್ದರೆ ಪಟರ್‌ನಿಂದಲೇ ಉರುಳಿಸುವುದು ಕ್ಷೇಮ. ಹುಲ್ಲು ಅಡ್ಡ ಬರುವಂತಿದ್ದರೆ ಚಿಪ್. ಸುಮಾರು ಲೆಕ್ಕ ಹೀಗಿದೆ:

- ಸ್ಯಾಂಡ್ ವೆಜ್: ಒಂದು ಪಾಲು ಹಾರಿದರೆ ಒಂದು ಪಾಲು ಉರುಳುತ್ತದೆ
- ಪಿಚಿಂಗ್ ವೆಜ್: ಒಂದಕ್ಕೆ ಎರಡು
- 8 ನಂಬರ್ ಐರನ್: ಒಂದಕ್ಕೆ ನಾಲ್ಕು

ಕುಳಿ ದೂರ ಇದ್ದರೆ ಐರನ್, ಹತ್ತಿರ ಇದ್ದರೆ ವೆಜ್. ಮಳೆಗೆ ನೆನೆದ ಗ್ರೀನ್‌ನಲ್ಲಿ ಉರುಳುವುದು ಕಡಿಮೆ, ಇಳಿಜಾರಿನಲ್ಲಿ ಜಾಸ್ತಿ.

ಹೊಡೆಯೋದು ಹೀಗೆ (ಬಲಗೈ ಆಟಗಾರರಿಗೆ)

1. ಮೊದಲು ಚೆಂಡು ಎಲ್ಲಿ ಬೀಳಬೇಕೆಂದು ಗುರುತು ಮಾಡಿಕೊಳ್ಳಿ. ಗ್ರೀನ್ ಒಳಗೆ ಮೂರಡಿ ಆದರೆ ಸಾಕು.
2. ಪಾದಗಳು ಹತ್ತಿರ ಇರಲಿ. ಚೆಂಡು ಮಧ್ಯಕ್ಕಿಂತ ತುಸು ಬಲಪಾದದ ಕಡೆಗಿರಲಿ.
3. ಮೈಭಾರದ ಅರ್ಧಕ್ಕಿಂತ ಹೆಚ್ಚು ಎಡಗಾಲಿನ ಮೇಲಿರಲಿ, ಕೊನೆವರೆಗೂ ಅಲ್ಲೇ ಇರಲಿ.
4. ಕೋಲನ್ನು ಸ್ವಲ್ಪ ಕೆಳಗೆ ಹಿಡಿಯಿರಿ. ಕೈಗಳು ಚೆಂಡಿಗಿಂತ ತುಸು ಮುಂದಿರಲಿ.
5. ಮಣಿಕಟ್ಟು ಕುಣಿಸಬೇಡಿ, ಭುಜದಿಂದ ತೂಗಿ. ಕೋಲು ಮೊದಲು ಚೆಂಡಿಗೆ, ಆಮೇಲೆ ನೆಲಕ್ಕೆ ತಾಗಬೇಕು.

ಎಲ್ಲರೂ ಮಾಡೋ ತಪ್ಪು

ಚೆಂಡನ್ನು ಎತ್ತಬೇಕೆಂದು ಸೌಟಿನಲ್ಲಿ ಸಾರು ಎತ್ತಿದ ಹಾಗೆ ಮಾಡುವುದು. ಆಗ ಕೋಲು ಹಿಂದಿನ ಮಣ್ಣಿಗೆ ಬಡಿದು ಚೆಂಡು ಅಲ್ಲೇ ಉಳಿಯುತ್ತದೆ, ಇಲ್ಲವೇ ಚೆಂಡಿನ ಹೊಟ್ಟೆಗೆ ಬಡಿದು ಗ್ರೀನ್ ದಾಟಿ ಹೋಗುತ್ತದೆ. ಎತ್ತುವ ಕೆಲಸ ಕೋಲಿನ ಓರೆ ಮುಖದ್ದು, ನಿಮ್ಮದಲ್ಲ.

ನಿಯಮ ಗೊತ್ತಿರಲಿ

ಗ್ರೀನ್ ಮೇಲೆ ಚೆಂಡನ್ನು ಗುರುತು ಇಟ್ಟು ಎತ್ತಿ ಒರೆಸಬಹುದು. ಅಂಚಿನ ಹೊರಗೆ ಸುಮ್ಮನೆ ಹಾಗೆ ಎತ್ತುವಂತಿಲ್ಲ. ಅಲ್ಲಿ ಉದುರಿದ ಎಲೆ, ಕಡ್ಡಿ ತೆಗೆಯಬಹುದು, ಆದರೆ ಚೆಂಡು ಅಲುಗಬಾರದು. ಗ್ರೀನ್ ಹೊರಗಿನ ಮರಳು, ಸಡಿಲ ಮಣ್ಣು ಸರಿಸಿ ದಾರಿ ಮಾಡಿಕೊಂಡರೆ ದಂಡ ಬೀಳುತ್ತದೆ. ಕುಳಿಯ ಬಾವುಟದ ಕೋಲನ್ನು ಹಾಗೇ ಬಿಟ್ಟು ಚಿಪ್ ಮಾಡಬಹುದು.

ಕಲಿಯೋದಕ್ಕೆ

ನಮ್ಮ ಮೂರು ತಾಲೂಕಿನವರಿಗೆ ಗಾಲ್ಫ್ ಇನ್ನೂ ದೂರದ ಆಟವೇ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ರಾಜ್ಯದ ಹಳೆಯ ಕ್ಲಬ್‌ಗಳಲ್ಲೊಂದು. ಅದಿತಿ ಐದರ ಹರೆಯದಲ್ಲಿ ಕೋಲು ಹಿಡಿದದ್ದು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ. ಅವರ ಮನೆಯಲ್ಲೂ ಅದಕ್ಕೆ ಮೊದಲು ಗಾಲ್ಫ್ ಆಡುವವರು ಇರಲಿಲ್ಲ. ಬೆಂಗಳೂರಲ್ಲಿ ಕೆಲಸಕ್ಕಿದ್ದು ಹೊಸದಾಗಿ ಕೋಲು ಹಿಡಿದ ನಮ್ಮೂರ ಹುಡುಗರು ರಜೆಗೆ ಬಂದಾಗ ಅಂಗಳದಂಚಿನ ಹುಲ್ಲಿನ ಮೇಲೆ ಒಂದು ಟವೆಲ್ ಹಾಸಿ, ಹತ್ತಡಿ ದೂರದಿಂದ ಚೆಂಡನ್ನು ಅದರ ಮೇಲೆ ಬೀಳಿಸೋ ಅಭ್ಯಾಸ ಮಾಡಬಹುದು. ಹತ್ತರಲ್ಲಿ ಏಳು ಬಿದ್ದರೆ ಕೈ ಕುದುರಿದೆ ಅಂತಲೇ ಲೆಕ್ಕ. ಅಕ್ಕಪಕ್ಕ ಮಕ್ಕಳು, ಕಿಟಕಿ ಗಾಜು ಇಲ್ಲದ ಕಡೆ ನೋಡಿಕೊಳ್ಳಿ.