ನಾಲಿಗೆಗೆ ಸಿಗದ ಉಪ್ಪು: ದಿನಸಿ ಅಂಗಡಿಯಲ್ಲಿ ಕಡಿಮೆ ಸೋಡಿಯಂ ತಿಂಡಿ ಹುಡುಕುವುದು ಹೇಗೆ?

ರಕ್ತದೊತ್ತಡ ಹೆಚ್ಚಾಗಿದೆ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ ಮರುದಿನ ನಮ್ಮ ಬಹಳಷ್ಟು ಮನೆಗಳಲ್ಲಿ ನಡೆಯುವುದು ಒಂದೇ. ತಟ್ಟೆಯ ಅಂಚಿನ ಉಪ್ಪು ಮಾಯವಾಗುತ್ತದೆ, ಉಪ್ಪಿನಕಾಯಿ ಜಾಡಿ ಅಟ್ಟ ಸೇರುತ್ತದೆ, ಅಡುಗೆಮನೆಗೆ ತಿಳಿಗುಲಾಬಿ ಬಣ್ಣದ ಸೈಂಧವ ಲವಣ ಬರುತ್ತದೆ. ಸಂಜೆಯ ಚಕ್ಕುಲಿ ಹೋಗಿ ಬ್ರೆಡ್ಡು, ಮಸಾಲಾ ಓಟ್ಸು, ‘ಡಯಟ್’ ಎಂದು ದೊಡ್ಡದಾಗಿ ಬರೆದ ಮಿಕ್ಸ್‌ಚರು ಬರುತ್ತವೆ. ಮೂರು ತಿಂಗಳ ನಂತರವೂ ಬಿಪಿ ಇಳಿಯದಿದ್ದರೆ, ‘ಉಪ್ಪು ಬಿಟ್ಟರೂ ಏನೂ ಆಗಲಿಲ್ಲ’ ಎಂಬ ಮಾತು. ಬಿಟ್ಟದ್ದು ಕಣ್ಣಿಗೆ ಕಾಣುವ ಉಪ್ಪನ್ನು ಮಾತ್ರ ಎಂಬುದು ಹೊಳೆಯುವುದೇ ಇಲ್ಲ.

ಮೊದಲು ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಂದರೆ ಸರಿಸುಮಾರು ಒಂದು ಟೀ ಚಮಚ, ದಿನದ ಎಲ್ಲ ಊಟ ತಿಂಡಿಗೂ ಸೇರಿ. ಉಪ್ಪಿನ ತೂಕದಲ್ಲಿ ಶೇ. 40ರಷ್ಟು ಸೋಡಿಯಂ ಇರುವುದರಿಂದ ಇದು 2000 ಮಿಲಿಗ್ರಾಂ ಸೋಡಿಯಂಗೆ ಸಮ. ಭಾರತೀಯರ ಸರಾಸರಿ ಸೇವನೆ ದಿನಕ್ಕೆ 8ರಿಂದ 11 ಗ್ರಾಂ ಉಪ್ಪು ಎಂದು ಬೇರೆ ಬೇರೆ ಅಧ್ಯಯನಗಳು ಅಂದಾಜಿಸಿವೆ. ಇದರಲ್ಲಿ ಹೆಚ್ಚಿನ ಪಾಲು ಮನೆಯ ಅಡುಗೆಯದೇ, ನಿಜ. ಆದರೆ ಮನೆಯ ಉಪ್ಪನ್ನು ಕೈಯಳತೆಯಲ್ಲಿ ಇಳಿಸಬಹುದು. ಪೊಟ್ಟಣದೊಳಗಿನದನ್ನು ಇಳಿಸಲಾಗದು, ಆರಿಸಿಕೊಳ್ಳಬೇಕು, ಅಷ್ಟೇ.

ಆ ಆಯ್ಕೆಗೆ ನಾಲಿಗೆಯನ್ನು ನಂಬುವಂತಿಲ್ಲ. ಆಲೂಗಡ್ಡೆ ಚಿಪ್ಸ್‌ನಲ್ಲಿ ಉಪ್ಪು ಮೇಲ್ಮೈಯಲ್ಲಿರುತ್ತದೆ, ಬಾಯಿಗೆ ಇಟ್ಟ ಕೂಡಲೇ ಕರಗಿ ತನ್ನ ಇರುವಿಕೆಯನ್ನು ಸಾರುತ್ತದೆ. ಬ್ರೆಡ್ಡಿನಲ್ಲಿ ಅದು ಹಿಟ್ಟಿನೊಳಗೆ ಅಡಗಿದೆ. ರುಚಿ ಸಪ್ಪೆ, ಆದರೆ 100 ಗ್ರಾಂ ಬ್ರೆಡ್ಡಿನಲ್ಲಿ ಸಾಮಾನ್ಯವಾಗಿ 400ರಿಂದ 500 ಮಿ.ಗ್ರಾಂ ಸೋಡಿಯಂ ಇರುತ್ತದೆ. ಇನ್ನು ಕೆಲವು ಸೋಡಿಯಂ ಉಪ್ಪಾಗಿರುವುದೇ ಇಲ್ಲ. ಅಡುಗೆ ಸೋಡಾದ ಕಾಲುಭಾಗಕ್ಕೂ ಹೆಚ್ಚು ತೂಕ ಸೋಡಿಯಂನದು. ಹಪ್ಪಳಕ್ಕೆ ಉಪ್ಪಿನ ಜೊತೆ ಸೋಡಿಯಂ ಇರುವ ಖಾರವನ್ನೂ ಹಾಕುವುದರಿಂದ, ಊಟದ ಪಕ್ಕ ಬಡಪಾಯಿಯಂತೆ ಕೂತಿರುವ ಹಪ್ಪಳ ಅಂಗಡಿಯ ಅತಿ ಹೆಚ್ಚು ಸೋಡಿಯಂನ ಪದಾರ್ಥಗಳಲ್ಲಿ ಒಂದು.

ಪೊಟ್ಟಣದ ಬೆನ್ನು ಓದಿ

ಹೀಗಾಗಿ ಪೊಟ್ಟಣವನ್ನು ತಿರುಗಿಸಿ ಪೋಷಕಾಂಶಗಳ ಪಟ್ಟಿಯಲ್ಲಿ ಸೋಡಿಯಂನ ಸಾಲನ್ನು ಹುಡುಕಬೇಕು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ‘ಕಡಿಮೆ ಸೋಡಿಯಂ’ ಎಂದು ಬರೆದುಕೊಳ್ಳಬೇಕಾದರೆ 100 ಗ್ರಾಂನಲ್ಲಿ 120 ಮಿ.ಗ್ರಾಂಗಿಂತ ಹೆಚ್ಚು ಸೋಡಿಯಂ ಇರಕೂಡದು. ಬ್ರಿಟನ್ನಿನ ಆಹಾರ ಪೊಟ್ಟಣಗಳ ಮೇಲಿನ ಟ್ರಾಫಿಕ್ ದೀಪದ ಗುರುತಿನಲ್ಲಿ 600 ಮಿ.ಗ್ರಾಂ ದಾಟಿದರೆ ಕೆಂಪು. ಈ ಎರಡು ಸಂಖ್ಯೆ ನೆನಪಿದ್ದರೆ ಸಾಕು. 120ರ ಒಳಗಿದ್ದರೆ ನಿಶ್ಚಿಂತೆ, 600ರ ಮೇಲಿದ್ದರೆ ಮರಳಿ ಕಪಾಟಿಗೆ, ನಡುವಿನದು ತಿನ್ನುವ ಪ್ರಮಾಣಕ್ಕೆ ಬಿಟ್ಟದ್ದು.

ಪ್ರಮಾಣದಲ್ಲಿ ಒಂದು ಮೋಸವಿದೆ. ಒಂದು ‘ಸರ್ವಿಂಗ್’ ಎಂದರೆ ಎಷ್ಟು ಎಂಬುದನ್ನು ಕಂಪನಿಯೇ ಬರೆದಿರುತ್ತದೆ. 20 ಗ್ರಾಂ ಖಾರಾ ತಿಂದು ಕೈ ತೊಳೆದುಕೊಳ್ಳುವವರನ್ನು ನಾನಂತೂ ನೋಡಿಲ್ಲ. ಆದ್ದರಿಂದ 100 ಗ್ರಾಂನ ಕಾಲಂ ನೋಡಿ, ನೀವು ನಿಜಕ್ಕೂ ತಿನ್ನುವಷ್ಟಕ್ಕೆ ಲೆಕ್ಕ ಹಾಕಿ. ದಿಢೀರ್ ನೂಡಲ್ಸ್‌ಗಳಲ್ಲಿ 100 ಗ್ರಾಂಗೆ ಸಾವಿರ ಮಿಲಿಗ್ರಾಂ ದಾಟುವುದು ಸಾಮಾನ್ಯ. 70 ಗ್ರಾಂನ ಒಂದು ಪೊಟ್ಟಣ ಮುಗಿಸಿದರೆ ದಿನದ ಮಿತಿಯ ಮೂರನೇ ಒಂದು ಭಾಗ ಮುಗಿಯಿತು. ಅದರ ಮಸಾಲೆ ಪುಡಿಯಲ್ಲಿ ಅರ್ಧ ಮಾತ್ರ ಹಾಕಿ, ತರಕಾರಿ ಮತ್ತು ನಿಂಬೆರಸ ಸೇರಿಸಿದರೆ ರುಚಿಗೆ ಅಂಥ ನಷ್ಟವೇನಿಲ್ಲ.

ಪದಾರ್ಥಗಳ ಪಟ್ಟಿಯೂ ಉಪಯುಕ್ತ, ಏಕೆಂದರೆ ಅದು ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಪುಳಿಯೋಗರೆ ಪುಡಿ, ರಸಂ ಪುಡಿ, ಶುಂಠಿ–ಬೆಳ್ಳುಳ್ಳಿ ಪೇಸ್ಟ್‌ಗಳಲ್ಲಿ ಉಪ್ಪಿನ ಹೆಸರು ಎಷ್ಟನೆಯದು ನೋಡಿ. ಮೊದಲ ಮೂರರಲ್ಲಿ ಬಂದರೆ ಅಡುಗೆಗೆ ಮತ್ತೆ ಉಪ್ಪು ಹಾಕುವ ಮುನ್ನ ಯೋಚಿಸಿ. ಐಎನ್‌ಎಸ್ 621, 500 ಎಂಬ ಸಂಖ್ಯೆಗಳು ಕಂಡರೆ ಅವು ಕ್ರಮವಾಗಿ ಮೊನೊಸೋಡಿಯಂ ಗ್ಲುಟಮೇಟ್ ಮತ್ತು ಸೋಡಾ ಜಾತಿಯ ಸೋಡಿಯಂ ಕಾರ್ಬೊನೇಟುಗಳು. ಬಿಡಿ ಕೊತ್ತಂಬರಿ, ಜೀರಿಗೆ, ಮೆಣಸಿನ ಪುಡಿಗಳಿಗೆ ಸಾಮಾನ್ಯವಾಗಿ ಉಪ್ಪು ಬೆರೆಸಿರುವುದಿಲ್ಲ. ಸಾರಿನ ಪುಡಿಯನ್ನು ಮನೆಯಲ್ಲೇ ಮಾಡುವ ಅಜ್ಜಿಯರು ಈ ವಿಷಯದಲ್ಲಿ ನಮಗಿಂತ ಮುಂದಿದ್ದರು.

ಹಾಗಾದರೆ ತಿನ್ನುವುದೇನು?

ಒಳ್ಳೆಯ ಸುದ್ದಿ ಎಂದರೆ, ನಮ್ಮ ಮಾಮೂಲಿ ದಿನಸಿ ಅಂಗಡಿ ಈ ಹುಡುಕಾಟಕ್ಕೆ ಸೂಪರ್ ಮಾರ್ಕೆಟ್ಟಿನಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಒಳ್ಳೆಯದು. ಪುಟಾಣಿ ಅಥವಾ ಹುರಿಗಡಲೆಗೆ ಸಾಮಾನ್ಯವಾಗಿ ಉಪ್ಪು ಹಾಕಿರುವುದಿಲ್ಲ. ಅರಿಸಿನ ಹಚ್ಚಿದ ಸಿಪ್ಪೆಗಡಲೆಗೆ ಹಾಕಿರುತ್ತಾರೆ, ಕೇಳಿ ಕೊಳ್ಳಿ. ಹಸಿ ಶೇಂಗಾದಲ್ಲಿ ಸೋಡಿಯಂ ತೀರಾ ಅತ್ಯಲ್ಪ, ತಂದು ಮನೆಯಲ್ಲೇ ಹುರಿದುಕೊಳ್ಳಿ. ಮಂಡಕ್ಕಿಯ ವಿಷಯದಲ್ಲಿ ಮಾತ್ರ ಎಚ್ಚರ. ಚೆನ್ನಾಗಿ ಉಬ್ಬಲೆಂದು ಅಕ್ಕಿಗೆ ಉಪ್ಪುನೀರು ಉಣಿಸಿಯೇ ಹುರಿಯುವ ರೂಢಿ ಇರುವುದರಿಂದ, ಹಗುರವಾಗಿ ಕಾಣುವ ಈ ತಿಂಡಿ ಸೋಡಿಯಂ ಲೆಕ್ಕದಲ್ಲಿ ಅಷ್ಟು ಹಗುರವಲ್ಲ. ಅದರ ಜಾಗಕ್ಕೆ ಅರಳು ಬರಲಿ. ಭತ್ತವನ್ನೋ ಜೋಳವನ್ನೋ ನೇರವಾಗಿ ಕಾವಿಗೆ ಸಿಡಿಸುವುದರಿಂದ ಅದಕ್ಕೆ ಉಪ್ಪು ಬೇಕಾಗಿಲ್ಲ. ಉತ್ತರ ಕರ್ನಾಟಕದಲ್ಲಿ ಪಂಚಮಿ ಹಬ್ಬಕ್ಕೆ ಮಾಡುವ ಜೋಳದ ಅರಳು ಉಳಿದ ದಿನಗಳಲ್ಲೂ ತಿನ್ನಲು ಯೋಗ್ಯವೇ.

ಅರಳು, ಪುಟಾಣಿ, ಹುರಿದ ಶೇಂಗಾ ಕಲಸಿ ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಡಿ. ತಿನ್ನುವಾಗ ಈರುಳ್ಳಿ, ತುರಿದ ಮಾವಿನಕಾಯಿ ಅಥವಾ ನಿಂಬೆರಸ. ಹುಳಿಗೆ ಉಪ್ಪಿನ ರುಚಿಯನ್ನು ಎತ್ತಿ ತೋರಿಸುವ ಗುಣವಿದೆ, ಹಾಗಾಗಿ ಇಲ್ಲಿ ಚಿಟಿಕೆ ಉಪ್ಪೇ ಧಾರಾಳವಾಯಿತು ಎನಿಸುತ್ತದೆ. ಸಾದಾ ಮೊಸರು, ಪನೀರು, ಸಾದಾ ಓಟ್ಸು ಕೊಳ್ಳಬಹುದು. ಪೊಟ್ಟಣದ ಮಸಾಲೆ ಮಜ್ಜಿಗೆ, ಚೀಸ್ ಸ್ಲೈಸು, ಮಸಾಲಾ ಓಟ್ಸುಗಳದ್ದು ಬೇರೆಯೇ ಲೆಕ್ಕ. ಒಂದು ದೊಡ್ಡ ಚಮಚ ಸೋಯಾ ಸಾಸ್ ಎಂದರೆ ಸುಮಾರು 900 ಮಿ.ಗ್ರಾಂ ಸೋಡಿಯಂ. ಕಾಂಡಿಮೆಂಟ್ಸ್ ಅಂಗಡಿಯ ಬಿಡಿ ನಿಪ್ಪಟ್ಟು, ಕೋಡುಬಳೆಗೆ ಲೇಬಲ್ಲೇ ಇರುವುದಿಲ್ಲ. ಅವನ್ನು ‘ಹೆಚ್ಚು’ ಎಂದೇ ಎಣಿಸಿಕೊಳ್ಳಿ.

ಮೊದಮೊದಲು ಎಲ್ಲವೂ ಸಪ್ಪೆ ಎನಿಸುತ್ತದೆ. ಕೆಲವು ವಾರಗಳಿಂದ ಒಂದೆರಡು ತಿಂಗಳೊಳಗೆ ನಾಲಿಗೆ ಹೊಂದಿಕೊಂಡು, ಹಳೆಯ ತಿಂಡಿಯೇ ಅತಿ ಉಪ್ಪು ಎನಿಸತೊಡಗುತ್ತದೆ. ಅಲ್ಲಿಯವರೆಗೆ ಉಪ್ಪಿನ ಶೇಂಗಾದ ಜೊತೆ ಸಮಪಾಲು ಸಾದಾ ಶೇಂಗಾ ಬೆರೆಸಿಟ್ಟುಕೊಂಡು, ವಾರವಾರಕ್ಕೂ ಸಾದಾ ಪಾಲನ್ನು ಹೆಚ್ಚಿಸುತ್ತಾ ಹೋಗಿ.

ಉಪ್ಪನ್ನೇ ಬದಲಿಸಿದರೆ?

ಸೈಂಧವ ಲವಣದಿಂದ ಬಿಪಿ ಏರುವುದಿಲ್ಲ ಎಂಬುದು ಬರೀ ನಂಬಿಕೆ. ಬಣ್ಣ ಏನೇ ಇರಲಿ, ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಮೇಲಾಗಿ ಹಲವು ಬಗೆಯ ಸೈಂಧವ ಲವಣಕ್ಕೆ ಅಯೋಡಿನ್ ಸೇರಿಸಿರುವುದಿಲ್ಲ. ‘ಲೋ ಸೋಡಿಯಂ’ ಉಪ್ಪು ಹಾಗಲ್ಲ, ಅದರಲ್ಲಿ ಒಂದಷ್ಟು ಭಾಗ ಪೊಟ್ಯಾಸಿಯಂ ಕ್ಲೋರೈಡ್. ಚೀನಾದ 600 ಹಳ್ಳಿಗಳ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆ ಕಂಡುಬಂತು. ಆದರೆ ಮೂತ್ರಪಿಂಡದ ಕಾಯಿಲೆ ಇರುವವರಿಗೆ, ದೇಹದಲ್ಲಿ ಪೊಟ್ಯಾಸಿಯಂ ಉಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅಪಾಯ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಬಿಪಿಯ ಕೆಲವು ಸಾಮಾನ್ಯ ಮಾತ್ರೆಗಳೂ ಈ ಗುಂಪಿಗೆ ಸೇರುತ್ತವೆ. ಹಾಗಾಗಿ ಆ ಪೊಟ್ಟಣ ಕೊಳ್ಳುವ ಮೊದಲು ನಿಮ್ಮ ಮಾತ್ರೆಯ ಚೀಟಿಯನ್ನು ಡಾಕ್ಟರಿಗೆ ತೋರಿಸಿ ಕೇಳಿ.