ರಾಗಿಯ ಬೆನ್ನು ಹತ್ತಿದ ವಿಶ್ವವಿದ್ಯಾಲಯ

2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಅವರ ತಂಡದವರು ರಾಗಿಯ ಜೀನೋಮನ್ನು ಓದಿ ಪ್ರಕಟಿಸಿದರು. ರಾಗಿಯ ಡಿಎನ್‌ಎ ಸುಮಾರು 145 ಕೋಟಿ ಅಕ್ಷರಗಳಷ್ಟು ಉದ್ದವಿದೆ ಎಂಬುದು ಅವರ ಅಂದಾಜು. ಅದರಲ್ಲಿ 120 ಕೋಟಿಯಷ್ಟನ್ನು ಜೋಡಿಸಿ, 85,243 ಜೀನುಗಳನ್ನು ಗುರುತಿಸಿದರು. ಬರ ತಾಳುವ ಗುಣ, ಸುಣ್ಣದಂಶವನ್ನು ಕಾಳಿನಲ್ಲಿ ಕೂಡಿಡುವ ಗುಣ ಇವುಗಳ ಹಿಂದೆ ಯಾವ ಜೀನುಗಳಿರಬಹುದು ಎಂದು ಹುಡುಕಲು ಅಲ್ಲಿಂದ ದಾರಿಯಾಯಿತು. ಸುದ್ದಿ ಆಗ ಪತ್ರಿಕೆಗಳಲ್ಲಿ ಬಂತು. ಅವರು ಓದಿದ್ದು ಯಾವ ರಾಗಿಯನ್ನು ಎಂಬುದು ಮಾತ್ರ ಅಷ್ಟಾಗಿ ಚರ್ಚೆಯಾಗಲಿಲ್ಲ. ಅದು ಎಂಎಲ್-365, ಇದೇ ವಿಶ್ವವಿದ್ಯಾಲಯ ಹೊರತಂದ ತಳಿ. ಅದರ ತಂದೆತಾಯಿಗಳಲ್ಲಿ ಒಂದು ಇಂಡಾಫ್-5. ಇಂಡಾಫ್-5ರ ತಾಯಿ ಕಾವೇರಿ ಎಂಬ ಇನ್ನೂ ಹಳೆಯ ತಳಿ. ಹೀಗೆ ಹಿಂದೆ ಹಿಂದೆ ಹೋದರೆ ಮಂಡ್ಯದ ವಿ.ಸಿ. ಫಾರಂ ಎಂಬ ಪ್ರಯೋಗ ಕ್ಷೇತ್ರ, ಅಲ್ಲಿಂದ ಹೆಬ್ಬಾಳ, ಅದಕ್ಕೂ ಹಿಂದೆ ಹಳೇ ಮೈಸೂರು ಸೀಮೆಯ ರೈತರ ಹಗೇವುಗಳಿಗೆ ಹೋಗಿ ಮುಟ್ಟುತ್ತೇವೆ. ಜೀನೋಮಿನ ಸುದ್ದಿಗೆ ನೂರು ವರ್ಷದ ಬೇರಿದೆ. ಆ ಬೇರನ್ನು ತಿಳಿಯದೆ ಈ ವಿಶ್ವವಿದ್ಯಾಲಯದ ಸಂಶೋಧನೆಯ ಬೆಲೆ ತಿಳಿಯುವುದಿಲ್ಲ.

ಭತ್ತಕ್ಕೆ ಫಿಲಿಪ್ಪೀನ್ಸ್‌ನಲ್ಲಿ, ಗೋಧಿಗೆ ಮೆಕ್ಸಿಕೋದಲ್ಲಿ ಜಗತ್ತಿನ ದುಡ್ಡು ಸುರಿದು ಸಂಶೋಧನಾ ಸಂಸ್ಥೆಗಳನ್ನು ಕಟ್ಟಿದರು. ರಾಗಿಗೆ ಅಂಥ ಭಾಗ್ಯ ಬರಲಿಲ್ಲ. ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ ಹುಟ್ಟಿ, ಬಹಳ ಹಿಂದೆಯೇ ನಮ್ಮಲ್ಲಿಗೆ ಬಂದು, ನಮ್ಮದೇ ಆಗಿಹೋದ ಬೆಳೆ ಇದು. ಭಾರತದ ರಾಗಿಯಲ್ಲಿ ಅರ್ಧಕ್ಕೂ ಹೆಚ್ಚು ಬೆಳೆಯುವುದು ಕರ್ನಾಟಕ. ಹಾಗಾಗಿ ರಾಗಿಯ ಹೊಣೆಯನ್ನು ಹೊರಗಿನವರು ಹೊರಲಿ ಎಂದು ಕಾಯುವಂತಿರಲಿಲ್ಲ. ಅದನ್ನು ಹೊತ್ತದ್ದು ಇಲ್ಲಿನ ಪ್ರಾಂತೀಯ ಸಂಸ್ಥೆಗಳೇ.

ಶುರುವಾದದ್ದು ಹೆಬ್ಬಾಳದಲ್ಲಿ. 1899ರಲ್ಲಿ ರೀಜೆಂಟ್ ಆಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಕೃಷಿ ಪ್ರಯೋಗಕ್ಕೆಂದು ಅಲ್ಲಿ ಭೂಮಿ ಕೊಟ್ಟರು. ಲೆಹ್ಮನ್ ಎಂಬ ರಸಾಯನಶಾಸ್ತ್ರಜ್ಞರು ಮೊದಲು ಬಂದರು. ಆಮೇಲೆ ಬಂದವರು ಕೆನಡಾದ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿನವರಿಗೆ ಕಲಿಸಿದವರೆಂದು ನಾವು ನೆನೆಯುವ ಅದೇ ಕೋಲ್ಮನ್. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿ ಅವರು ರಾಗಿಯನ್ನು ಕಡೆಗಣಿಸಲಿಲ್ಲ. 1920ರಲ್ಲಿ ಮೈಸೂರಿನ ರಾಗಿ ಬೇಸಾಯದ ಮೇಲೆ ಒಂದು ಕಿರುಹೊತ್ತಗೆಯನ್ನೇ ಬರೆದರು.

ಆಗಿನ ತಳಿ ಸುಧಾರಣೆ ಸರಳವಾಗಿತ್ತು. ಊರೂರಿನ ರಾಗಿ ತಂದು ಬಿತ್ತುವುದು, ಚೆನ್ನಾಗಿ ಬಂದ ಗಿಡದ ತೆನೆಯನ್ನು ಬೇರೆಯಾಗಿ ಕೊಯ್ದು ಮತ್ತೆ ಬಿತ್ತುವುದು, ಹದ ತಪ್ಪದ ಶುದ್ಧ ಸಾಲು ಸಿಗುವವರೆಗೆ ಇದನ್ನೇ ಮುಂದುವರಿಸುವುದು. 1918ರಲ್ಲಿ ಹೀಗೆ ಆರಿಸಿ ಬಂದ ಎಚ್-22 ಎಂಬುದನ್ನು ದೇಶದ ಮೊದಲ ಸುಧಾರಿತ ರಾಗಿ ತಳಿಗಳ ಸಾಲಿನಲ್ಲಿ ಎಣಿಸುತ್ತಾರೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಆರಿಸಿಕೊಳ್ಳಲು ವಿಜ್ಞಾನಿಯ ಮುಂದೆ ಅಷ್ಟೊಂದು ಬಗೆ ಇದ್ದದ್ದು ರೈತರಿಂದ. ಮಜ್ಜಿಗೆ ರಾಗಿ, ಉಂಡೆ ರಾಗಿ, ಜೇನುಮುದ್ದೆ, ಕೋಣಕೊಂಬು, ಕರಿಗಿಡ್ಡ, ಬಿಳಿಗಿಡ್ಡ, ಹಸಿರುಕಡ್ಡಿ ಎಂದು ಒಂದೊಂದಕ್ಕೂ ಹೆಸರಿಟ್ಟು, ಮುಂಗಾರಿಗೆ ಇದು, ತಡವಾದರೆ ಅದು ಎಂದು ವಿಂಗಡಿಸಿ, ಬಿತ್ತನೆಗೆಂದು ಒಳ್ಳೆಯ ತೆನೆಗಳನ್ನು ತೆಗೆದಿಟ್ಟು ಕಾಪಾಡಿದವರು ಅವರು, ಅದರಲ್ಲೂ ಮನೆಯ ಹೆಂಗಸರು.

ಆದರೆ ಆರಿಸುವುದಕ್ಕೆ ಒಂದು ಮಿತಿಯಿದೆ. ಇರುವುದರಲ್ಲಿ ಒಳ್ಳೆಯದನ್ನು ಎತ್ತಿಕೊಳ್ಳಬಹುದೇ ಹೊರತು, ಇಲ್ಲದ ಗುಣವನ್ನು ತರಲಾಗದು. ಅದಕ್ಕೆ ಎರಡು ತಳಿಗಳನ್ನು ಕೂಡಿಸಿ ಸಂಕರ ಮಾಡಬೇಕು. ರಾಗಿಯಲ್ಲಿ ಅದು ಎಷ್ಟು ಕಷ್ಟವೆಂದು ತಿಳಿಯಲು ತೆನೆಯೊಂದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ತೆನೆಯ ಒಂದೊಂದು ಬೆರಳಿನಲ್ಲೂ ಹತ್ತಾರು ಕಿರುತೆನೆಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದು ಕಿರುತೆನೆಯಲ್ಲಿ ನಾಲ್ಕಾರು ಹೂಗಳು. ಅರಳುವುದು ಬೆರಳಿನ ತುದಿಯಿಂದ ಕೆಳಕ್ಕೆ, ದಿನಕ್ಕಿಷ್ಟರಂತೆ, ಒಂದು ವಾರದವರೆಗೆ. ಪರಾಗಕೋಶ ಒಡೆಯುವುದು ನಡುರಾತ್ರಿ ಕಳೆದ ಮೇಲೆ, ಬೆಳಗಾಗುವುದರೊಳಗೆ. ಬೆಳಕು ಹರಿದು ಯಾರಾದರೂ ಹೊಲಕ್ಕೆ ಬರುವ ಹೊತ್ತಿಗೆ ಹೂ ತನ್ನದೇ ಪರಾಗದಿಂದ ಕಾಳುಕಟ್ಟುವ ಕೆಲಸ ಮುಗಿಸಿರುತ್ತದೆ. ಹತ್ತಿಯ ಹೂವಿನ ಹಾಗೆ ಕೈಯಿಂದ ಬಿಡಿಸಿ ಗಂಡುಭಾಗ ಕಿತ್ತುಹಾಕುವುದು ಇಷ್ಟು ಸಣ್ಣ ಹೂವಿನಲ್ಲಿ ಆಗುವ ಮಾತಲ್ಲ.

ಇದಕ್ಕೆ ತಳಿ ವಿಜ್ಞಾನಿಗಳು ಒಂದು ಉಪಾಯ ಕಂಡುಕೊಂಡರು. ಹೂ ಅರಳುವ ಮುಂಚೆ ಎರಡು ಗಿಡಗಳ ತೆನೆಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿಬಿಡುವುದು. ಸಾವಿರಾರು ಹೂಗಳಲ್ಲಿ ಕೆಲವಕ್ಕಾದರೂ ಪಕ್ಕದ ತೆನೆಯ ಪರಾಗ ಬೀಳುತ್ತದೆ. ಆದರೆ ಆ ಕೆಲವು ಕಾಳು ಯಾವುವು? ತಾಯಿಯಾಗಿ ಹಸಿರು ಗಿಡವನ್ನೂ ತಂದೆಯಾಗಿ ನೇರಳೆ ಛಾಯೆಯ ಗಿಡವನ್ನೂ ಆರಿಸಿಕೊಂಡರೆ ಉತ್ತರ ತಾನೇ ಸಿಗುತ್ತದೆ. ನೇರಳೆ ಬಣ್ಣ ಪ್ರಬಲ ಗುಣ. ತಾಯಿ ತೆನೆಯ ಕಾಳನ್ನೆಲ್ಲ ಒಟ್ಲು ಹಾಕಿದಾಗ ಹಸಿರು ಪೈರಿನ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಪೈರು ಕಂಡರೆ ಅದೇ ಸಂಕರ. ಅದನ್ನು ಕಿತ್ತು ಬೇರೆ ನೆಟ್ಟು, ಮುಂದೆ ಆರೇಳು ತಲೆಮಾರು ಬೆಳೆಸಿ, ಆರಿಸಿ, ಸೋಸಿ ಒಂದು ತಳಿಯನ್ನು ರೈತರ ಕೈಗೆ ಕೊಡುವ ಹೊತ್ತಿಗೆ ಹತ್ತು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ಈ ಕೆಲಸಕ್ಕೆ ಬದುಕನ್ನೇ ಕೊಟ್ಟವರು ಲಕ್ಷ್ಮಣಯ್ಯನವರು. ಮಂಡ್ಯ ಕಡೆಯ ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು, ಮುಂದೆ ರಾಗಿ ಬ್ರಹ್ಮ ಎಂದರು. 1950ರ ದಶಕದಿಂದ 1964ರವರೆಗೆ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಶಕ್ತಿ, ಕಾವೇರಿ ಎಂಬ ತಳಿಗಳು ಒಂದಾದ ಮೇಲೊಂದು ಬಂದವು. ಇವೆಲ್ಲ ದೇಶಿ ರಾಗಿಗಳ ನಡುವಿನ ಸಂಕರಗಳು. 1964ರಲ್ಲೇ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಹುಟ್ಟಿತು. ಸರ್ಕಾರಿ ಇಲಾಖೆಯ ಪ್ರಯೋಗ ಕ್ಷೇತ್ರಗಳು, ವಿ.ಸಿ. ಫಾರಂ ಸಹಿತ, ಅದರ ತೆಕ್ಕೆಗೆ ಬಂದವು.

ಲಕ್ಷ್ಮಣಯ್ಯನವರ ದೊಡ್ಡ ಹೆಜ್ಜೆ ಬಂದದ್ದು ಆಮೇಲೆ. ನಮ್ಮ ರಾಗಿ ಬೇಗ ಬಲಿಯುತ್ತದೆ, ಚೆನ್ನಾಗಿ ತೆಂಡೆ ಹೊಡೆಯುತ್ತದೆ. ಆಫ್ರಿಕಾದ ರಾಗಿಗೆ ದಪ್ಪ ಕಡ್ಡಿ, ತುಂಬು ತೆನೆ, ಆದರೆ ಕೊಯ್ಲಿಗೆ ಬರುವುದು ತಡ. ಎರಡರ ಒಳ್ಳೆಯ ಗುಣಗಳನ್ನು ಒಂದೇ ಗಿಡದಲ್ಲಿ ಕೂಡಿಸಬೇಕೆಂದು ಅವರು ಹೊರಟರು. ಇಂಡಿಯಾದ ಮೊದಲ ಅಕ್ಷರಗಳು, ಆಫ್ರಿಕಾದ ಮೊದಲ ಅಕ್ಷರಗಳು ಸೇರಿ ಇಂಡಾಫ್ ಎಂಬ ಹೆಸರಾಯಿತು. ಬೇಗ ಕೊಯ್ಲಿಗೆ ಬರುವ ಇಂಡಾಫ್-5, ಇಂಡಾಫ್-9, ದೀರ್ಘಾವಧಿಯ ಇಂಡಾಫ್-8 ಹೀಗೆ ಕಾಲಕ್ಕೆ ತಕ್ಕ ಹಾಗೆ ತಳಿಗಳು ಬಂದವು. ಗೊಬ್ಬರ, ನೀರು ಕೊಟ್ಟರೆ ರಾಗಿಯೂ ಹೊಟ್ಟೆತುಂಬ ಇಳುವರಿ ಕೊಡಬಲ್ಲದು ಎಂಬುದು ರೈತರಿಗೆ ಮನವರಿಕೆಯಾಯಿತು. ಹಸಿರು ಕ್ರಾಂತಿಯ ಕಥೆ ಹೇಳುವಾಗ ಬೋರ್ಲಾಗರ ಗೋಧಿಯನ್ನು ನೆನೆಯುತ್ತೇವೆ. ಅದೇ ಕಾಲದಲ್ಲಿ ಮಂಡ್ಯದ ಒಂದು ಫಾರಂನಲ್ಲಿ, ಅದರ ನೂರರಲ್ಲೊಂದು ಪಾಲು ಸೌಕರ್ಯವೂ ಇಲ್ಲದೆ ನಡೆದ ಈ ಕೆಲಸಕ್ಕೂ ಅದೇ ಸಾಲಿನಲ್ಲಿ ಜಾಗ ಸಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಡಾಫ್ ಹರಡಿದಂತೆ ಒಂದು ತೊಂದರೆಯೂ ಎದ್ದು ಕಂಡಿತು. ಅದು ಬೆಂಕಿ ರೋಗ. ಒಂದು ಶಿಲೀಂಧ್ರದಿಂದ ಬರುವ ಈ ರೋಗ ಒಟ್ಲಿನ ಪೈರಿನಿಂದ ತೆನೆಯವರೆಗೆ ಯಾವ ಹಂತದಲ್ಲೂ ತಗಲುತ್ತದೆ. ಎಲೆಗೆ ಬಂದರೆ ಗಿಡ ಹೇಗೋ ಚೇತರಿಸಿಕೊಳ್ಳಬಹುದು. ತೆನೆಯ ಕುತ್ತಿಗೆಗೆ ಬಂದರೆ ಆ ಭಾಗ ಕಪ್ಪಾಗಿ, ಮೇಲಕ್ಕೆ ಆಹಾರ ಹೋಗದೆ, ತೆನೆ ಜೊಳ್ಳಾಗುತ್ತದೆ. ರಾಗಿಗೆ ಔಷಧಿ ಹೊಡೆಯುವಷ್ಟು ದುಡ್ಡು ಖುಷ್ಕಿ ರೈತನ ಹತ್ತಿರ ಇರುವುದಿಲ್ಲ. ಅವನಿಗೆ ಬೇಕಾದದ್ದು ರೋಗ ತಡೆಯುವ ಬೀಜ.

ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಕಿರುಧಾನ್ಯಗಳ ಅಖಿಲ ಭಾರತ ಸಮನ್ವಯ ಯೋಜನೆಯ ಕೇಂದ್ರ ಇದಕ್ಕೆ ಉತ್ತರ ಹುಡುಕಿತು. ಸಾವಿರಾರು ರಾಗಿ ಮಾದರಿಗಳನ್ನು ರೋಗ ಕಾಯಂ ಇರುವ ಮಡಿಗಳಲ್ಲಿ ಬೆಳೆಸಿ ನೋಡಿ, ತಾಳಿಕೊಳ್ಳುವವನ್ನು ಬೇರ್ಪಡಿಸಿದರು. ಇಂಡಾಫ್-9ನ್ನು ಐಇ-1012 ಎಂಬ ರೋಗ ತಡೆಯುವ ಸಾಲಿನೊಂದಿಗೆ ಕೂಡಿಸಿ, ಬಂದ ಸಂತತಿಯನ್ನು ಮತ್ತೆ ಇಂಡಾಫ್-5ರೊಂದಿಗೆ ಕೂಡಿಸಿದರು. ಅದರಿಂದ ಬಂದದ್ದು ಜಿಪಿಯು-28. 1990ರ ದಶಕದ ಕೊನೆಯಲ್ಲಿ ರೈತರ ಕೈಗೆ ಬಂದ ಈ ತಳಿ ರಾಜ್ಯದ ರಾಗಿ ಹೊಲಗಳನ್ನು ಹೆಚ್ಚುಕಡಿಮೆ ಆವರಿಸಿಕೊಂಡಿತು. ತುಮಕೂರು, ಹಾಸನ, ರಾಮನಗರ, ಕೋಲಾರ ಎಲ್ಲಿ ಕೇಳಿದರೂ ರೈತರ ಬಾಯಲ್ಲಿ ಇಪ್ಪತ್ತೆಂಟು ಎಂಬ ಹೆಸರೇ. ವಿಶ್ವವಿದ್ಯಾಲಯದ ಸಾಧನೆಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಜೀನೋಮನ್ನಲ್ಲ, ಈ ಇಪ್ಪತ್ತೆಂಟನ್ನು ಆರಿಸುತ್ತೇನೆ. ಒಂದು ಹಿಡಿ ವಿಷ ಸಿಂಪಡಿಸದೆ ಲಕ್ಷಾಂತರ ಮನೆಗಳ ಮುದ್ದೆಯನ್ನು ಅದು ಉಳಿಸಿದೆ. ಆಮೇಲೆ ಎಂಎಲ್-365, ಎಂಆರ್-6, ಜಿಪಿಯು-66, ಕೆಎಂಆರ್-301 ಮುಂತಾದವು ಬಂದವು. ಕೆಎಂಆರ್-340 ಬಿಳಿ ರಾಗಿ. ಬಿಸ್ಕತ್ತು, ಶಾವಿಗೆಯಂಥ ತಿನಿಸುಗಳಿಗೆ ಅದರ ಬಣ್ಣ ಹೊಂದುತ್ತದೆ.

ಬೀಜದ ಜೊತೆಗೆ ನೆಲದ ಸಂಶೋಧನೆಯೂ ನಡೆದಿದೆ. ಇದು ಸುದ್ದಿಯಾಗುವ ಕೆಲಸವಲ್ಲ, ಹಾಗಾಗಿಯೇ ಇಲ್ಲಿ ಹೇಳಬೇಕು. 1970ರ ದಶಕದ ಕೊನೆಯಲ್ಲಿ ಜಿಕೆವಿಕೆಯ ಕೆಂಪು ಮಣ್ಣಿನ ಖುಷ್ಕಿ ಜಮೀನಿನಲ್ಲಿ ಒಂದು ಪ್ರಯೋಗ ಶುರುವಾಯಿತು. ಕೆಲವು ತಾಕಿಗೆ ಏನೂ ಹಾಕುವುದಿಲ್ಲ, ಕೆಲವಕ್ಕೆ ಬರೀ ರಾಸಾಯನಿಕ ಗೊಬ್ಬರ, ಕೆಲವಕ್ಕೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ಎರಡೂ. ವರ್ಷ ವರ್ಷ ಅದೇ ತಾಕಿಗೆ ಅದೇ ಉಪಚಾರ, ಅದೇ ರಾಗಿ. ದಶಕಗಳ ಲೆಕ್ಕ ಹೇಳುವುದು ಇಷ್ಟು: ಬರೀ ರಾಸಾಯನಿಕ ಗೊಬ್ಬರ ಹಾಕಿದ ಕಡೆ ಇಳುವರಿ ಕಾಲಕ್ರಮದಲ್ಲಿ ಕುಂದುತ್ತದೆ. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಶಿಫಾರಸಿನಷ್ಟು ರಾಸಾಯನಿಕ ಗೊಬ್ಬರ ಕೊಟ್ಟಲ್ಲಿ ಇಳುವರಿಯೂ ನಿಲ್ಲುತ್ತದೆ, ಮಣ್ಣಿನ ಸಾವಯವ ಇಂಗಾಲವೂ ಉಳಿಯುತ್ತದೆ. ಹಟ್ಟಿಯಲ್ಲಿ ದನ ಕಡಿಮೆಯಾಗಿ ಟ್ರ್ಯಾಕ್ಟರ್ ಬಂದಿರುವ ಈ ಕಾಲದಲ್ಲಿ ಇದು ಎಷ್ಟು ಮುಖ್ಯವಾದ ಉತ್ತರವೆಂದು ಬೇಸಾಯ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಇಂಥ ಉತ್ತರ ಮೂರು ವರ್ಷದ ಯೋಜನೆಯಿಂದ ಬರುವುದಿಲ್ಲ.

ಬೆಳೆ ಶರೀರಕ್ರಿಯೆಯ ವಿಭಾಗದವರು ಎಂ. ಉದಯಕುಮಾರ್ ಅವರ ಕಾಲದಿಂದ ಗಿಡ ನೀರನ್ನು ಹೇಗೆ ಮಿತವಾಗಿ ಬಳಸುತ್ತದೆ, ಬರ ಮತ್ತು ಬಿಸಿಲನ್ನು ಹೇಗೆ ತಾಳುತ್ತದೆ ಎಂಬುದರ ಬೆನ್ನು ಹತ್ತಿದ್ದಾರೆ. ಆ ಜ್ಞಾನದ ಒಂದು ತುಣುಕು ಯಾವ ಖರ್ಚೂ ಇಲ್ಲದೆ ರೈತರ ಮನೆ ಸೇರುವಂಥದ್ದು. ಒಂದು ಕಿಲೋ ಬಿತ್ತನೆ ರಾಗಿಯನ್ನು ಒಂದು ಲೀಟರ್ ನೀರಿನಲ್ಲಿ ಆರು ಗಂಟೆ ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಬಿಗಿಯಾಗಿ ಕಟ್ಟಿಟ್ಟು, ಮೊಳಕೆಯ ಸುಳಿವು ಕಂಡ ಕೂಡಲೇ ನೆರಳಿನಲ್ಲಿ ಒಣಗಿಸಿ ಬಿತ್ತುವುದು. ಹೀಗೆ ಹದಗೊಳಿಸಿದ ಬೀಜ ಒಂದೇ ಸಮನೆ ಹುಟ್ಟುತ್ತದೆ, ಶುರುವಿನ ಬರವನ್ನು ತಡೆದುಕೊಳ್ಳುತ್ತದೆ.

ಕಾಳು ಕಣ ಸೇರಿದ ಮೇಲಿನ ಕೆಲಸದಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಪಾಲು ದೊಡ್ಡದು. ಎನ್.ಜಿ. ಮಲ್ಲೇಶಿ ಮತ್ತು ಅವರ ಜೊತೆಗಾರರು ರಾಗಿಯನ್ನು ಹಬೆಯಲ್ಲಿ ಹದಮಾಡಿ ಸಿಪ್ಪೆ ತೆಗೆದು, ಅನ್ನದ ಹಾಗೆ ಬೇಯಿಸುವಂತೆ ಮಾಡಿದರು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಬೇರೆ ಯಾವ ಮುಖ್ಯ ಧಾನ್ಯವೂ ಇದರ ಹತ್ತಿರ ಬರುವುದಿಲ್ಲ.

ಈಗ ಮತ್ತೆ ಜೀನೋಮಿನ ಮಾತು. ರಾಗಿಯಲ್ಲಿ 36 ವರ್ಣತಂತುಗಳಿವೆ, ಎರಡು ಬೇರೆ ಬೇರೆ ಪೂರ್ವಜ ಹುಲ್ಲುಗಳ ಜೀನೋಮುಗಳು ಒಂದೇ ಗಿಡದಲ್ಲಿ ಕೂಡಿಕೊಂಡಿವೆ. ಒಂದೇ ಬಗೆಯ ಸಾಲುಗಳು ಎರಡೆರಡು ಸಲ ಬರುವುದರಿಂದ ಓದಿದ ಡಿಎನ್‌ಎ ತುಣುಕುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ಬಹಳ ಕಷ್ಟ. 2017ರ ಜೋಡಣೆಯಲ್ಲಿ ತುಣುಕುಗಳು ಲಕ್ಷಗಟ್ಟಲೆ ಉಳಿದಿದ್ದವು. ಆಮೇಲೆ ಬೇರೆ ದೇಶಗಳ ತಂಡಗಳು ಇನ್ನೂ ಒಪ್ಪವಾದ ಜೋಡಣೆ ಮಾಡಿವೆ. 2023ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದವರ ಮುಂದಾಳತ್ವದ ತಂಡ ವರ್ಣತಂತುಗಳ ಮಟ್ಟದ ಜೀನೋಮನ್ನು ಪ್ರಕಟಿಸಿತು. ರಾಗಿ ಹೂವಿನ ಶಲಾಕಾಗ್ರಕ್ಕೆ ನೇರಳೆ ಬಣ್ಣ ಕೊಡುವ ಜೀನು ಯಾವುದಿರಬಹುದೆಂದೂ ಗುರುತಿಸಿತು. ಮೊದಲ ಓದು ಪೂರ್ಣವಾಗಿರಲಿಲ್ಲ ಎಂಬುದರಿಂದ ಬೆಂಗಳೂರಿನ ಕೆಲಸದ ತೂಕ ಕಡಿಮೆಯಾಗದು. ಯಾರೂ ಕೈಹಾಕದಿದ್ದ ಬೆಳೆಯ ಮೇಲೆ ಮೊದಲು ಕೈಹಾಕಿದ್ದು ಆ ಬೆಳೆಯ ನಾಡಿನ ವಿಶ್ವವಿದ್ಯಾಲಯ. ಇದೇ ಹಿತ್ತಲಮನಿಯವರು ಡಿಎನ್‌ಎ ಗುರುತುಗಳ ನೆರವಿನಿಂದ ಕಡಿಮೆ ನೀರಿನ ಏರೋಬಿಕ್ ಭತ್ತದ ತಳಿಯನ್ನು 2007ರಲ್ಲಿ ಹೊರತಂದವರು. ಆ ಅನುಭವ ರಾಗಿಗೂ ಬರಬೇಕಾಗಿದೆ. ಬೆಂಕಿ ರೋಗದ ಶಿಲೀಂಧ್ರ ರೂಪ ಬದಲಿಸುತ್ತಲೇ ಇರುತ್ತದೆ. ಜಿಪಿಯು-28ರ ತಡೆಶಕ್ತಿ ಸೋಲುವ ದಿನಕ್ಕೆ ಮುಂಚೆ ಮುಂದಿನ ತಳಿ ಸಿದ್ಧವಿರಬೇಕು. ಹತ್ತು ವರ್ಷದ ಕೆಲಸವನ್ನು ಐದಾರಕ್ಕೆ ಇಳಿಸುವ ಹತಾರು ಈ ಡಿಎನ್‌ಎ ಗುರುತುಗಳೇ.

ಆಗದೆ ಉಳಿದ ಕೆಲಸಗಳೂ ಇವೆ. ಕಳೆ ಕೀಳುವುದು, ಕೊಯ್ಯುವುದು ಇಂದಿಗೂ ಬಹುಪಾಲು ಹೆಂಗಸರ ಬೆನ್ನಿನ ಮೇಲೆಯೇ ಇದೆ. ಸಣ್ಣ ಹಿಡುವಳಿಗೆ ಹೊಂದುವ ಯಂತ್ರ ಬೇಕು. ಅದಕ್ಕೆ ತಕ್ಕಂತೆ ಬೀಳದ, ಒಂದೇ ಸಮ ಬಲಿಯುವ ತಳಿ ಬೇಕು. ಹಾವೇರಿ ಕಡೆಯ ರೈತರು ತಾವೇ ರೂಢಿಸಿಕೊಂಡ ಗುಳಿ ರಾಗಿ ಪದ್ಧತಿ, ಅಂದರೆ ಪೈರನ್ನು ದೂರ ದೂರ ನೆಟ್ಟು, ಕೊರಡು ಎಳೆದು ತೆಂಡೆ ಹೆಚ್ಚಿಸುವ ಕ್ರಮವನ್ನು ವಿಜ್ಞಾನಿಗಳು ಇನ್ನಷ್ಟು ಆಳವಾಗಿ ಅಭ್ಯಾಸ ಮಾಡಬೇಕು. ಇಪ್ಪತ್ತೆಂಟು ಎಲ್ಲ ಕಡೆ ಹಬ್ಬಿದಂತೆ ನಾಟಿ ರಾಗಿಗಳು ಹೊಲದಿಂದ ಕಣ್ಮರೆಯಾದವು. ಅವುಗಳ ಬೀಜ ಜಿಕೆವಿಕೆಯ ಸಂಗ್ರಹದಲ್ಲಿ ಉಳಿದಿದ್ದರೆ ಸಾಲದು, ಊರುಗಳಲ್ಲೂ ಬೆಳೆಯುತ್ತಿರಬೇಕು.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಮೇಳಗಳಾದವು, ಭಾಷಣಗಳಾದವು. ಆದರೆ ಲಕ್ಷ್ಮಣಯ್ಯನವರಂಥ ಕೆಲಸಕ್ಕೆ ಒಂದು ವರ್ಷದ ಹಣ ಸಾಕಾಗುವುದಿಲ್ಲ. ರಾಜ್ಯ ಸರ್ಕಾರ ವಿ.ಸಿ. ಫಾರಂ ಮತ್ತು ಜಿಕೆವಿಕೆಯ ರಾಗಿ ವಿಭಾಗಗಳಲ್ಲಿ ತಳಿ ವಿಜ್ಞಾನಿಗಳ ಒಂದು ಹುದ್ದೆಯನ್ನೂ ಖಾಲಿ ಬಿಡಬಾರದು. ದಶಕಗಳಿಂದ ನಡೆಯುತ್ತಿರುವ ಆ ಗೊಬ್ಬರದ ಪ್ರಯೋಗದ ತಾಕುಗಳನ್ನು ಯಾವ ಕಟ್ಟಡಕ್ಕೂ, ಯಾವ ರಸ್ತೆಗೂ ಬಿಟ್ಟುಕೊಡಬಾರದು.